ತುಕ್ಕಾನಟ್ಟಿಯ ಟ್ರಂಕಿನಲ್ಲಿ ಆರು ದೇಶಗಳ ಬುತ್ತಿ

ತುಕ್ಕಾನಟ್ಟಿಗೆ ನಾವು ಹೋಗಿದ್ದು ಬೇರೆ ಕೆಲಸಕ್ಕೆ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ರೈತರಿಗೆ ಒಂದು ತರಬೇತಿ ಇತ್ತು. ಜಿಲ್ಲಾ ಪುಟಕ್ಕೆ ಎರಡು ಕಾಲಂ, ಒಂದು ಫೋಟೋ. ಅದನ್ನು ಮುಗಿಸಿ ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಕುಳಿತಾಗ ಒಬ್ಬರು ಮಾತಿಗೆ ಸಿಕ್ಕರು. ಊರವರು ಅವರನ್ನು ‘ಮಿಲ್ಟ್ರಿ ಕಾಕಾ’ ಎನ್ನುತ್ತಾರೆ. ಇಪ್ಪತ್ನಾಲ್ಕು ವರ್ಷ ಸೇವೆ ಮಾಡಿ ಹವಾಲ್ದಾರರಾಗಿ ನಿವೃತ್ತರಾದವರು. ನಾವು ಪತ್ರಿಕೆಯವರೆಂದು ಗೊತ್ತಾದ ಮೇಲೆ, “ತಮ್ಮಾ, ಬರೇ ಕಬ್ಬು, ಕಾಲುವಿ ಬರೀತೀರಿ. ಒಂದು ಬ್ಯಾರೆ ನಮೂನಿ ತೋರಸ್ತೀನಿ ಬರ್ರಿ” ಎಂದು ಮನೆಗೆ ಕರೆದೊಯ್ದರು.

ಮನೆಯೊಳಗಲ್ಲ, ಹಿತ್ತಲಿನ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ. ಅಲ್ಲಿ ಕಪ್ಪು ಬಣ್ಣದ ಕಬ್ಬಿಣದ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು. ಒಳಗೆ ಮೆಡಲು, ಬಂದೂಕಿನ ಫೋಟೋ ಇರಬಹುದೆಂದು ನಾವು ಅಂದುಕೊಂಡಿದ್ದೆವು. ಇದ್ದದ್ದು ಊಟದ ಪೊಟ್ಟಣಗಳು. ಫ್ರಾನ್ಸಿನ ಸೈನಿಕರ ರಟ್ಟಿನ ಡಬ್ಬಿ, ಇಟಲಿಯ ಡಬ್ಬಿ, ಅಮೆರಿಕದ ಕಂದು ಪ್ಲಾಸ್ಟಿಕ್ ಚೀಲ, ಚೀನಾದ ಒತ್ತು ಬಿಸ್ಕತ್ತಿನ ಹೊದಿಕೆ, ಜಪಾನಿನ ಹಸಿರು ಚೀಲ, ನಮ್ಮ ಭಾರತೀಯ ಸೇನೆಯ ಪೊಟ್ಟಣ. ಹೆಚ್ಚಿನವು ಖಾಲಿ. ತೊಳೆದು, ಒಣಗಿಸಿ, ಮಡಿಕೆ ಬೀಳದಂತೆ ಹಳೆಯ ಸೀರೆಯ ಡಬ್ಬಿಯಲ್ಲಿ ಇಟ್ಟಿದ್ದರು.

ಕಾಕಾ ವಿಶ್ವಸಂಸ್ಥೆಯ ಶಾಂತಿಪಡೆಯ ಜತೆ ಲೆಬನಾನಿನಲ್ಲಿ ಇದ್ದವರು. ದಕ್ಷಿಣ ಲೆಬನಾನಿನಲ್ಲಿ ಭಾರತದ ಬೆಟಾಲಿಯನ್ 1998ರಿಂದಲೂ ಇದೆ, ಬೇರೆ ಬೇರೆ ದೇಶಗಳ ಪಡೆಗಳೂ ಇವೆ. ಪಡೆಗಳು ಭೇಟಿಯಾದಾಗ ಸೈನಿಕರು ಟೋಪಿ, ಬಿಲ್ಲೆ, ಊಟದ ಪೊಟ್ಟಣ ಅದಲುಬದಲು ಮಾಡಿಕೊಳ್ಳುತ್ತಾರೆ. ಉಳಿದವು ಬಂದದ್ದು ಇಲ್ಲೇ ಬೆಳಗಾವಿಯಿಂದ. 2008ರ ಡಿಸೆಂಬರ್‌ನಲ್ಲಿ ಚೀನಾದ ಸೈನಿಕರು ಜಂಟಿ ತಾಲೀಮಿಗೆ ಬೆಳಗಾವಿಗೆ ಬಂದಿದ್ದರು. 2013ರಲ್ಲಿ ಬ್ರಿಟಿಷರು ಬಂದರು, 2022ರ ಫೆಬ್ರುವರಿ–ಮಾರ್ಚ್‌ನಲ್ಲಿ ಜಪಾನಿನವರು. ಆ ಜಪಾನಿನ ಚೀಲವನ್ನು ಕಾಕಾನಿಗೆ ತಂದುಕೊಟ್ಟದ್ದು ಈಗ ಸೇವೆಯಲ್ಲಿರುವ ಅವರ ಅಣ್ಣನ ಮಗ. ಅಮೆರಿಕದ ಪೊಟ್ಟಣ ಮೂರು ಕೈ ದಾಟಿ ಬಂದದ್ದು.

ಹೀಗೆ ಸೈನಿಕರ ಊಟ ಕೂಡಿಡುವ, ತಿಂದು ನೋಡುವ ಹವ್ಯಾಸ ಯುರೋಪು, ಅಮೆರಿಕದಲ್ಲಿ ದೊಡ್ಡದು. ಸ್ಟೀವ್ ಎಂಬ ಅಮೆರಿಕದ ಯೂಟ್ಯೂಬರ್ ಒಬ್ಬ ಬೋಯರ್ ಯುದ್ಧದ ಕಾಲದ, ಅಂದರೆ ನೂರು ವರ್ಷಕ್ಕೂ ಹಳೆಯ ಬ್ರಿಟಿಷ್ ಡಬ್ಬಿಯನ್ನು ಒಡೆದು ರುಚಿ ನೋಡಿದ್ದಾನೆ. ಅದನ್ನು ಕಾಕಾನಿಗೆ ಮೊಬೈಲಿನಲ್ಲಿ ತೋರಿಸಿದೆವು. “ಹುಚ್ಚ ಅದಾನ ಇವ. ಡಬ್ಬಿ ಉಬ್ಬಿತ್ತಂದ್ರ ಕೈಯಾಗ ಹಿಡೀಬಾರ್ದು” ಎಂದರು. ಸರಿಯಾದ ಮಾತೇ. ಗಾಳಿಯಿಲ್ಲದ ಡಬ್ಬಿಯಲ್ಲಿ ಬೆಳೆಯುವ ಬೊಟುಲಿನಂ ಎಂಬ ಸೂಕ್ಷ್ಮಜೀವಿಯ ವಿಷ ಮನುಷ್ಯನನ್ನು ಕೊಲ್ಲುತ್ತದೆ.

ಈ ಬರಹವನ್ನು ಪತ್ರಿಕೆಗೆ ಕಳಿಸಿದರೆ ‘ಇದರಲ್ಲಿ ಸುದ್ದಿ ಏನಿದೆ’ ಎಂದು ಡೆಸ್ಕಿನವರು ಕೇಳುತ್ತಾರೆ. ಸುದ್ದಿ ಏನೂ ಇಲ್ಲ. ಆದರೆ ಆ ಟ್ರಂಕಿನ ಮುಂದೆ ಕುಳಿತಾಗ ನಮಗೆ ಒಂದು ಪ್ರಶ್ನೆ ಹುಟ್ಟಿತು. ಪ್ರತಿಯೊಂದು ಪೊಟ್ಟಣವನ್ನೂ ಯಾರೋ ಒಬ್ಬರು ಯಾವುದೋ ಒಂದು ಹೊಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ. ಫ್ರೆಂಚ್ ಡಬ್ಬಿ ಫ್ರೆಂಚ್ ಹೊಟ್ಟೆಗೆ, ಜಪಾನಿನ ಅನ್ನ ಜಪಾನಿನ ಹೊಟ್ಟೆಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ತಲೆಮಾರುಗಳಿಂದ ಪಲ್ಟನ್ನಿಗೆ ಸೇರುತ್ತಿದ್ದಾರಲ್ಲ, ಅವರ ಹೊಟ್ಟೆ ಯಾವಾಗ ಯಾರಿಗೆ ನೆನಪಾಯಿತು?

ಮೊದಮೊದಲು ಯಾರಿಗೂ ನೆನಪಾಗಬೇಕಾದ ಅಗತ್ಯವೇ ಇರಲಿಲ್ಲ. ಕಂಪನಿ ಸರಕಾರದ ಸಿಪಾಯಿ ತನ್ನ ಪಗಾರದಲ್ಲಿ ಪಲ್ಟನ್ನಿನ ಬಜಾರಿನಿಂದ ಅಕ್ಕಿ, ಬೇಳೆ ಕೊಂಡು ತಾನೇ ಅಡುಗೆ ಮಾಡಿಕೊಳ್ಳುತ್ತಿದ್ದ. ಆ ಬಜಾರಿಗೆ ಧಾನ್ಯ ತರುತ್ತಿದ್ದವರು ಬ್ರಿಂಜಾರಿಗಳು, ನಮ್ಮ ಲಂಬಾಣಿಗಳು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಆರ್ಥರ್ ವೆಲ್ಲೆಸ್ಲಿ ನಮ್ಮ ಸೀಮೆಗೆ ಬಂದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಜುಲೈ 30ರಂದು ಮುನವಳ್ಳಿಯ ಎದುರು, ಮಳೆಗಾಲದ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಪಾಳೆಯದ ಮೇಲೆ ಬಿದ್ದ. ಸೆಪ್ಟೆಂಬರ್ 10ಕ್ಕೆ ರಾಯಚೂರು ಕಡೆಯ ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಆ ತಿಂಗಳುಗಳಲ್ಲಿ ವೆಲ್ಲೆಸ್ಲಿ ಬರೆದ ಪತ್ರಗಳನ್ನು ಓದಿದರೆ ದಂಡನಾಯಕನದ್ದೋ ದಲಾಲಿ ಅಂಗಡಿಯವನದ್ದೋ ಎಂಬ ಅನುಮಾನ ಬರುತ್ತದೆ. ಎಲ್ಲೆಲ್ಲೂ ಅಕ್ಕಿ, ಎತ್ತು, ಬ್ರಿಂಜಾರಿ. ಅವನ ಗೆಲುವಿನಲ್ಲಿ ಲಂಬಾಣಿ ಎತ್ತುಗಳ ಪಾಲು ಎಷ್ಟೆಂದು ನಮ್ಮ ಪಾಠಪುಸ್ತಕಗಳಲ್ಲಿ ಬರಬೇಕಿತ್ತು. ಬಂದಿಲ್ಲ.

ಡಬ್ಬಿ ಊಟ ಹುಟ್ಟಿದ್ದೂ ಹೆಚ್ಚುಕಡಿಮೆ ಆಗಲೇ. ಫ್ರೆಂಚ್ ಸರಕಾರ ಆಹಾರ ಕೆಡದಂತೆ ಇಡುವ ಉಪಾಯಕ್ಕೆ ಬಹುಮಾನ ಘೋಷಿಸಿತ್ತು. ಗಾಜಿನ ಸೀಸೆಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ನೀರಿನಲ್ಲಿ ಕುದಿಸುವ ವಿಧಾನ ಕಂಡುಹಿಡಿದ ನಿಕೋಲಾ ಅಪೇರ್ ಎಂಬ ಮಿಠಾಯಿಗಾರನಿಗೆ 1810ರಲ್ಲಿ 12,000 ಫ್ರಾಂಕ್ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಆಯಿತು. ಅದರಲ್ಲಿ ತುಂಬಿದ್ದು ಹೆಚ್ಚಾಗಿ ದನದ ಮಾಂಸ. ಭಾರತೀಯ ಸಿಪಾಯಿಯ ಮಟ್ಟಿಗೆ ಆ ಡಬ್ಬಿ ಇದ್ದೂ ಇಲ್ಲದ ಹಾಗೆ.

ಇದು ಎಷ್ಟು ದುಬಾರಿಯಾಗಬಹುದೆಂದು ಗೊತ್ತಾಗಿದ್ದು ಕುಟ್‌ನಲ್ಲಿ. ಈ ಹೆಸರು ನಮ್ಮ ಕಡೆ ಹೆಚ್ಚು ಕೇಳಿಬರುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಮೊದಲ ಮಹಾಯುದ್ಧದಲ್ಲಿ ಪುಣೆಯ 6ನೇ ಡಿವಿಜನ್ ಇಂದಿನ ಇರಾಕಿಗೆ ಹೋಗಿತ್ತು. ಜನರಲ್ ಚಾರ್ಲ್ಸ್ ಟೌನ್‌ಶೆಂಡ್ ಅದರ ಮುಖ್ಯಸ್ಥ. ಬಾಗ್ದಾದ್ ಹಿಡಿಯಲು ಹೋಗಿ ಸೋತು ಹಿಂದೆ ಸರಿದ ಪಡೆ 1915ರ ಡಿಸೆಂಬರ್‌ನಲ್ಲಿ ಟೈಗ್ರಿಸ್ ನದಿಯ ತಿರುವಿನ ಕುಟ್ ಅಲ್ ಅಮಾರಾ ಎಂಬ ಊರಿನಲ್ಲಿ ನಿಂತಿತು. ತುರ್ಕರು ಸುತ್ತುವರಿದರು. ಒಳಗಿದ್ದ ಪಡೆಗಳಲ್ಲಿ 103 ಮತ್ತು 110ನೇ ಮರಾಠಾ ಪಲ್ಟನ್ನುಗಳೂ ಇದ್ದವು. ಮುಂದೆ 1922ರಲ್ಲಿ ಇವನ್ನೆಲ್ಲ ಒಂದುಗೂಡಿಸಿ, ತರಬೇತಿ ಪಲ್ಟನ್ನನ್ನು ಬೆಳಗಾವಿಯಲ್ಲಿ ನೆಲೆಗೊಳಿಸಿದರು. ಇಂದು ನಮ್ಮ ಹುಡುಗರು ಭರ್ತಿಗೆ ಓಡುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿರೀಕರು ಅವರು.

ಮುತ್ತಿಗೆ ಎಳೆಯುತ್ತ ಹೋಯಿತು. ಗೋಧಿ ಮುಗಿದು ಜವೆಗೋಧಿಗೆ ಬಂತು. ಅದನ್ನು ಬೀಸಲು ಕಲ್ಲಿಲ್ಲದೆ ವಿಮಾನದಿಂದ ಬೀಸುಗಲ್ಲು ಇಳಿಸಿದರು. ಆಮೇಲೆ ಉಳಿದದ್ದು ಕುದುರೆಗಳು. ಬ್ರಿಟಿಷ್ ಸೈನಿಕರು ಕುದುರೆ ಮಾಂಸ ತಿನ್ನತೊಡಗಿದರು. ಭಾರತೀಯರಲ್ಲಿ ಬಹುತೇಕರು, ಹಿಂದೂಗಳೂ ಮುಸ್ಲಿಮರೂ, ಒಲ್ಲೆವೆಂದರು. ಟೌನ್‌ಶೆಂಡ್ ವೈರ್‌ಲೆಸ್ ಮೂಲಕ ಭಾರತದ ಧರ್ಮಗುರುಗಳಿಂದ ಅನುಮತಿ ತರಿಸಿದ. ಅನುಮತಿ ಬಂದರೂ ಎಷ್ಟೋ ಮಂದಿ ಏಪ್ರಿಲ್‌ವರೆಗೆ ಮುಟ್ಟಲಿಲ್ಲ. ದೇವರು ಕ್ಷಮಿಸಿಯಾನು, ಊರಿನವರು? ಮರಳಿ ಹೋದ ಮೇಲೆ ಪಂಕ್ತಿಯಲ್ಲಿ ಕೂರಿಸುತ್ತಾರೆಯೇ? ಈ ಅಂಜಿಕೆಯನ್ನು ಹಳ್ಳಿಯಲ್ಲಿ ಬೆಳೆದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಧಿಕಾರಿಗಳು ಮಾತ್ರ ಅದನ್ನು ಹಟ ಎಂದು ಬರೆದರು.

ಮಾಂಸವಿಲ್ಲ, ತರಕಾರಿಯಿಲ್ಲ. ಒಸಡು ಬಾತು ರಕ್ತ ಬರುವ, ಹಳೆಯ ಗಾಯ ಮತ್ತೆ ಬಾಯಿ ತೆರೆಯುವ ಸ್ಕರ್ವಿ ರೋಗ ಭಾರತೀಯ ಸಿಪಾಯಿಗಳಲ್ಲಿ ಹಬ್ಬಿತು. ಏಪ್ರಿಲ್‌ನಲ್ಲಿ ವಿಮಾನಗಳು ಹಿಟ್ಟಿನ ಚೀಲ ಉದುರಿಸಿದವು. ಮುತ್ತಿಗೆಯಲ್ಲಿದ್ದ ಪಡೆಗೆ ವಿಮಾನದಿಂದ ಊಟ ಹಾಕಿದ ಮೊದಲ ಪ್ರಯತ್ನಗಳಲ್ಲಿ ಇದೊಂದು. ಕೆಲವು ಚೀಲ ನದಿಗೆ ಬಿದ್ದವು. ಏಪ್ರಿಲ್ 24ರ ರಾತ್ರಿ ಜುಲ್ನಾರ್ ಎಂಬ ಹಡಗು 270 ಟನ್ ಆಹಾರ ಹೊತ್ತು ನುಗ್ಗಲು ಹೋಗಿ ತುರ್ಕರ ಕೈಗೆ ಸಿಕ್ಕಿತು. ಐದು ದಿನದ ಮೇಲೆ, 29ರಂದು, ಪಡೆ ಶರಣಾಯಿತು. ಸುಮಾರು 13,000 ಜನ ಸೆರೆಯಾದರು. ಅವರಲ್ಲಿ ಸಾವಿರಾರು ಜನ ಮರುಭೂಮಿಯ ನಡಿಗೆಯಲ್ಲಿ, ತುರ್ಕರ ಕೆಲಸದ ಶಿಬಿರಗಳಲ್ಲಿ ಸತ್ತರು.

ಕಾಕಾನಿಗೆ ಕುಟ್ ಹೆಸರು ಗೊತ್ತಿತ್ತು. ಸೈನ್ಯದಲ್ಲಿ ರೆಜಿಮೆಂಟಿನ ಇತಿಹಾಸ ಹೇಳಿಕೊಡುತ್ತಾರೆ. ಆದರೆ ಕುದುರೆ ಮಾಂಸದ ಸಂಗತಿ ಅವರಿಗೆ ಹೊಸದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವಾಗಿದ್ರೂ ತಿಂತಿದ್ದಿಲ್ಲ ಬಿಡ್ರಿ” ಎಂದರು. ಮತ್ತೆ ತಾವೇ, “ತಿಂತಿದ್ವೇನೋ. ಹಸಿವಿ ಏನ್ ಮಾಡಸ್ತೈತಿ ಹೇಳಾಕ ಆಗಂಗಿಲ್ಲ” ಎಂದರು.

ಆ ಸ್ಕರ್ವಿಯ ಹೊಡೆತದಿಂದಲೇ ಭಾರತೀಯ ಸಿಪಾಯಿಯ ಹೊಟ್ಟೆಯ ಬಗ್ಗೆ ಪ್ರಯೋಗಾಲಯದಲ್ಲಿ ಯೋಚನೆ ಶುರುವಾಯಿತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಜತೆಗಾರ್ತಿಯರು ನಮ್ಮ ಹುಣಸೆ, ಕೋಕಂ, ಒಣಮಾವಿನ ಆಮ್‌ಚೂರ್ ತರಿಸಿ, ಗಿನಿ ಹಂದಿಗಳಿಗೆ ತಿನ್ನಿಸಿ, ಯಾವುದು ಎಷ್ಟು ಸ್ಕರ್ವಿ ತಡೆಯುತ್ತದೆಂದು ಅಳೆದರು. ಮೊಳಕೆ ಬರಿಸಿದ ಕಾಳು ಸ್ಕರ್ವಿಗೆ ಅಗ್ಗದ ಮದ್ದೆಂದು ತೋರಿಸಿದರು. ಒಣ ಕಾಳಿನಲ್ಲಿ ಇಲ್ಲದ ಸಿ ಜೀವಸತ್ವ ಮೊಳಕೆಯಲ್ಲಿ ಹುಟ್ಟಿಕೊಳ್ಳುತ್ತದೆ. ಮಡಕಿಕಾಳು ನೆನೆಹಾಕಿ ಬಟ್ಟೆಯಲ್ಲಿ ಗಂಟು ಕಟ್ಟಿಡುವುದು ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆಯ ಕೆಲಸ. ಕುಟ್‌ನ ಕೋಟೆಯೊಳಗೆ ಅದು ಯಾರಿಗೂ ಹೊಳೆಯಲಿಲ್ಲವೇ, ಹೊಳೆದರೂ ಮೊಳಕೆ ಬರಿಸಲು ಕಾಳೇ ಇರಲಿಲ್ಲವೇ ಎಂದು ಯೋಚಿಸುತ್ತ ನಾವು ಅವತ್ತು ಬಹಳ ಹೊತ್ತು ಕುಳಿತೆವು.

ಎರಡನೇ ಮಹಾಯುದ್ಧಕ್ಕೆ ಬಂದರೆ ನಮಗೆ ಗುರುತು ಹತ್ತುವ ಒಂದು ತಿಂಡಿ ಸಿಗುತ್ತದೆ. 1943ರಲ್ಲಿ ವಿಂಗೇಟನ ಚಿಂಡಿತ್ ಪಡೆ ಬರ್ಮಾದ ಕಾಡಿನೊಳಗೆ ಜಪಾನಿಯರ ಹಿಂದೆ ನುಗ್ಗಿತು. ಊಟ ಆಕಾಶದಿಂದಲೇ ಬೀಳಬೇಕು. ಒಬ್ಬನ ಒಂದು ದಿನದ ಪಾಲು ಇಂಗ್ಲಿಷ್ ದಾಖಲೆಯಲ್ಲಿ ಹೀಗಿದೆ: 12 ಔನ್ಸ್ ‘ಶಕಾಪುರಾ’ ಬಿಸ್ಕತ್ತು, 9 ಔನ್ಸ್ ಒಣದ್ರಾಕ್ಷಿ ಮತ್ತು ಬಾದಾಮಿ, 2 ಔನ್ಸ್ ಚೀಸ್, 4 ಔನ್ಸ್ ಸಕ್ಕರೆ, ಒಂದಿಷ್ಟು ಹಾಲಿನ ಪುಡಿ, ಚಹಾ, ಉಪ್ಪು, 20 ಸಿಗರೇಟು, ಒಂದು ಕಡ್ಡಿಪೆಟ್ಟಿಗೆ. ಶಕಾಪುರಾ ಎಂದರೆ ಶಕ್ಕರ್‌ಪಾರೆ, ಇಂಗ್ಲಿಷ್ ನಾಲಿಗೆಯಲ್ಲಿ ಹೊರಳಿದ್ದು. ನಾವು ದೀಪಾವಳಿಗೆ ಮಾಡುವ ಶಂಕರಪಾಳಿ. ಹಿಟ್ಟು, ಸಕ್ಕರೆ, ತುಪ್ಪ, ನೀರಿನಂಶ ಇಲ್ಲದಂತೆ ಕರಿಯುವುದು. ಅದಕ್ಕೇ ವಾರಗಟ್ಟಲೆ ಕೆಡುವುದಿಲ್ಲ. ಭಾರತೀಯ ಸೇನೆಯಲ್ಲಿ ಇವತ್ತಿಗೂ ಶಕ್ಕರ್‌ಪಾರೆ ತುರ್ತಿನ ಊಟ. ಕಾಕಾ ಹಿಮದ ಪೋಸ್ಟಿನಲ್ಲಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದಾರೆ.

ಆ ಪಟ್ಟಿಯ ದ್ರಾಕ್ಷಿ, ಬಾದಾಮಿ ನೋಡಿದರೆ ಗೋಕಾಕದವರಿಗೆ ಇನ್ನೊಂದು ನೆನಪಾಗಬೇಕು. ಕರದಂಟು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಬಾದಾಮಿ, ಗೋಡಂಬಿ, ದ್ರಾಕ್ಷಿ. ಬಾಣಂತಿಗೂ ಗರಡಿಯ ಪೈಲ್ವಾನನಿಗೂ ಒಂದೇ ಮದ್ದು. ನೀರಿನಂಶ ಕಡಿಮೆ, ಸಕ್ಕರೆ, ಕೊಬ್ಬು ಜಾಸ್ತಿ, ಸಣ್ಣ ತುಂಡಿನಲ್ಲಿ ದೊಡ್ಡ ಶಕ್ತಿ. ಸೈನ್ಯದ ಆಹಾರ ತಜ್ಞರು ಕೇಳುವುದೂ ಇಷ್ಟನ್ನೇ. ಗೋಕಾಕ ಕರದಂಟು ಸೈನ್ಯದ ಪಟ್ಟಿಗೆ ಸೇರಿತ್ತೆಂದು ನಾವು ಹೇಳುತ್ತಿಲ್ಲ. ರಜೆ ಮುಗಿಸಿ ಹೊರಟ ಹುಡುಗರ ಬ್ಯಾಗಿನಲ್ಲಿ ಮಾತ್ರ ಎಂದೂ ತಪ್ಪಿಲ್ಲ.

ಸರಕಾರವೇ ಭಾರತೀಯ ಹೊಟ್ಟೆಗೆಂದು ಪ್ರಯೋಗಾಲಯ ಕಟ್ಟಿದ್ದು 1961ರ ಡಿಸೆಂಬರ್‌ನಲ್ಲಿ, ಅದೂ ನಮ್ಮ ರಾಜ್ಯದಲ್ಲೇ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಹತ್ತು ತಿಂಗಳಿಗೆ ಚೀನಾ ಯುದ್ಧ ಬಂತು. ಎತ್ತರದ ಹಿಮದಲ್ಲಿ ಅಡುಗೆ ಮಾಡುವುದೇ ಒಂದು ಯುದ್ಧ. 5,000 ಮೀಟರ್ ಎತ್ತರದಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಹಸಿವೆಯೂ ಸಾಯುತ್ತದೆ. ಹಾಗಾಗಿ ಬೆಂದದ್ದನ್ನೇ ಕಳಿಸಬೇಕು, ಅದೂ ನಾಲಿಗೆಗೆ ಪರಿಚಯ ಇರುವುದನ್ನು. ಮೈಸೂರಿನವರು ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಪದರಗಳ ಚೀಲದಲ್ಲಿ ಪಲಾವು, ಆಲೂ ಮಟರ್, ಸೂಜಿ ಹಲ್ವಾ ತುಂಬಿ, ಒತ್ತಡದಲ್ಲಿ 121 ಡಿಗ್ರಿಯ ಆಸುಪಾಸು ಬೇಯಿಸಿ, ವರ್ಷದವರೆಗೆ ಇಡುವಂತೆ ಮಾಡಿದರು. ಕೆಡದ ಚಪಾತಿ ಮಾಡಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಭಾರತೀಯ ಊಟ ಹೋಗಿದ್ದೂ ಅಲ್ಲಿಂದಲೇ. ಕಿರಾಣಿ ಅಂಗಡಿಯಲ್ಲಿ ಎಂಟಿಆರ್‌ನವರ ರೆಡಿ ಟು ಈಟ್ ಪೊಟ್ಟಣ ನೋಡಿದ್ದರೆ, ಅದರ ತಂತ್ರಜ್ಞಾನದ ತವರೂ ಅದೇ ಪ್ರಯೋಗಾಲಯ.

ಇಷ್ಟು ಮಾತಾದ ಮೇಲೆ ತಿಂದು ನೋಡದಿದ್ದರೆ ಹೇಗೆ? ಅವಧಿ ಮುಗಿಯದ್ದು ಭಾರತೀಯ ಪೊಟ್ಟಣ ಒಂದೇ. ಅದನ್ನು ಬಿಸಿನೀರಿನಲ್ಲಿ ಇಟ್ಟು ಒಡೆದೆವು. ಹಲ್ವಾ, ಅಂದರೆ ನಮ್ಮ ಶಿರಾ, ನಿಜಕ್ಕೂ ಚೆನ್ನಾಗಿತ್ತು. ತುಪ್ಪ ತಟ್ಟೆಗೆ ಹತ್ತಿತು. ಪಲಾವಿನ ಅನ್ನ ಸ್ವಲ್ಪ ಮುದ್ದೆಯಾಗಿ, ಚೀಲದಲ್ಲಿ ಬೆಂದ ಒಂದು ವಾಸನೆ ಇತ್ತು. ಚಪಾತಿ ಮೆತ್ತಗಿತ್ತು, ಆದರೆ ಹುಳಿ. ಅಮೆರಿಕದ ಪೊಟ್ಟಣದ ಅವಧಿ ಎಂದೋ ಮುಗಿದಿದ್ದರಿಂದ ಊಟ ಮುಟ್ಟಲಿಲ್ಲ. 1980ರ ದಶಕದಿಂದ ಬಳಕೆಯಲ್ಲಿರುವ ಈ ಪೊಟ್ಟಣದಲ್ಲಿ ಒಂದು ಹೊತ್ತಿಗೆ ಸುಮಾರು 1,200 ಕ್ಯಾಲೊರಿ ಇರುತ್ತದೆ. ನಮಗೆ ಬೇಕಾಗಿದ್ದು ಅದರೊಳಗಿನ ಬೆಂಕಿಯಿಲ್ಲದ ಒಲೆ. ಚೀಲದಲ್ಲಿ ಮೆಗ್ನೀಸಿಯಂ, ಕಬ್ಬಿಣ, ಉಪ್ಪಿನ ಪುಡಿ ಇರುತ್ತದೆ, ನೀರು ಹಾಕಿದರೆ ತಾನೇ ಕಾಯುತ್ತದೆ. ಜತೆಗಿದ್ದ ನಮ್ಮ ಫೋಟೋ ಗೆಳೆಯ ಗೆರೆ ಮೀರಿ ನೀರು ಸುರಿದ. ಬುಸ್ಸೆಂದು ಹಬೆ ಎದ್ದು, ಸುಟ್ಟ ತಗಡಿನ ವಾಸನೆ ಹಬ್ಬಿ, ಎಮ್ಮೆ ಹಗ್ಗ ಜಗ್ಗಿತು. ಆ ಹಬೆಯಲ್ಲಿ ಹೈಡ್ರೋಜನ್ ಇರುತ್ತದೆ, ಬೀಡಿ ಹಚ್ಚಬಾರದು. ಕಾಕಿ ಬಾಗಿಲಲ್ಲಿ ನಿಂತು, “ಎಲ್ಲಾರೂ ಹೊರಗ ನಡೀರಿ ಮೊದಲ” ಎಂದರು. ಟ್ರಂಕು ಮನೆಯೊಳಗೆ ಯಾಕಿಲ್ಲ ಎಂಬುದು ಅರ್ಧ ತಿಳಿಯಿತು.

ಅಂಗಳದಲ್ಲಿ ಕೂತು ಕಾಕಾ ತಮ್ಮ ಬುತ್ತಿಯ ಕತೆ ಹೇಳಿದರು. ಮೊದಲ ರಜೆ ಮುಗಿಸಿ ಹೊರಟಾಗ ಅವರ ಅವ್ವ ಐವತ್ತು ಕಟಕ್ ರೊಟ್ಟಿ ಬಡಿದು, ಧೋತರದಲ್ಲಿ ಕಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೊಟ್ಟಿದ್ದರಂತೆ. ಜಮ್ಮು ಮುಟ್ಟುವಷ್ಟರಲ್ಲಿ ರೈಲಿನ ನೂಕಾಟಕ್ಕೆ ಅರ್ಧ ರೊಟ್ಟಿ ನುಚ್ಚಾಗಿತ್ತು. ನುಚ್ಚಿಗೆ ಮೊಸರು ಹಾಕಿ ತಿಂದರು. ಪಕ್ಕದ ಬ್ಯಾರಕ್ಕಿನ ಪಂಜಾಬಿಗಳು ಉಳಿದದ್ದನ್ನು ಹಪ್ಪಳ ಎಂದುಕೊಂಡು ಖಾಲಿ ಮಾಡಿದರು. “ತಿಂಗಳಗಟ್ಲೆ ಕೆಡಂಗಿಲ್ಲ, ಬೆಂಕಿ ಬ್ಯಾಡ, ನೀರ್ ಬ್ಯಾಡ. ಇದಕ್ಕಿಂತ ಚಲೋ ರೇಶನ್ ಯಾವ ದೇಶದಾಗ ಐತಿ? ಬರೇ ಮುರೀತೈತಿ, ಅಷ್ಟ” ಎಂದರು. ಅಷ್ಟೂ ವರ್ಷ ಲಂಗರಿನಲ್ಲಿ ಅವರಿಗೆ ಸಿಕ್ಕದ್ದು ಗೋಧಿ ರೊಟ್ಟಿ, ಅನ್ನ.

ಅದಕ್ಕೆ ಕಾರಣ ಇತ್ತು. ಸೈನ್ಯದ ರೇಶನ್ನಿನಿಂದ ಜೋಳ, ಸಜ್ಜೆ, ರಾಗಿಯನ್ನು ಐವತ್ತು ವರ್ಷಕ್ಕೂ ಹಿಂದೆ ಕೈಬಿಟ್ಟು ಗೋಧಿಹಿಟ್ಟು ಮಾಡಿದ್ದರು. 2023ರ ಮಾರ್ಚ್‌ನಲ್ಲಿ, ಸಿರಿಧಾನ್ಯ ವರ್ಷದ ನೆಪದಲ್ಲಿ, ಸೇನೆ ಈ ಮೂರನ್ನೂ ಮರಳಿ ತಂದಿತು. ಬೇಕೆಂದವರಿಗೆ, ಅಕ್ಕಿ ಗೋಧಿಯ ಪಾಲಿನ ಶೇ 25ಕ್ಕೆ ಮೀರದಂತೆ. ಕಾಕಾ ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿತ್ತು. ಜೋಳ ತಿಂದು ಬೆಳೆದ ಸೀಮೆಯಿಂದ ಹುಡುಗರನ್ನು ತೆಗೆದುಕೊಂಡು, ಜೋಳವನ್ನು ಮಾತ್ರ ಅರ್ಧ ಶತಮಾನ ಬಾಗಿಲ ಹೊರಗೆ ನಿಲ್ಲಿಸಿದ್ದು ನಮಗೆ ಸಣ್ಣ ಸಂಗತಿ ಅನ್ನಿಸುವುದಿಲ್ಲ. ಅಂದು ಬೆಳಿಗ್ಗೆ ತರಬೇತಿಯಲ್ಲಿ ಇದನ್ನು ಕೇಳಬೇಕಿತ್ತು. ಕೇಳಲಿಲ್ಲ.

ಹೊರಡುವ ಮುಂಚೆ ಕಾಕಾ ಟ್ರಂಕಿನ ತಳದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದರು. ಲೆಬನಾನಿನಲ್ಲಿ ಬದಲಿಗೆ ಪಡೆದ ಡಬ್ಬಿಯಲ್ಲಿ ಏನಿದೆಯೆಂದು ಗೊತ್ತಾಗದೆ ಮೊದಲ ವಾರ ಉಪವಾಸದಂತೆ ಕಳೆದರಂತೆ; ಮನೆಯಲ್ಲಿ ಮೊಟ್ಟೆಯೂ ಬೇಯದ ಕುಟುಂಬ. ಆಮೇಲೆ ಒಬ್ಬ ಇಟಲಿಯವನನ್ನು ಹಿಡಿದು ಪಟ್ಟಿ ಮಾಡಿಕೊಂಡರು. ಮಾತಾಡುವ ಹಾಗಲ್ಲ, ಡಬ್ಬಿಯ ಮೇಲೆ ಅಕ್ಷರ ಕಾಣುವ ಹಾಗೆ, ಕನ್ನಡದಲ್ಲಿ: ‘ಪೋರ್ಕ್ – ಹಂದಿ. ಬೊಎಫ್ – ದನ. ಸುಇನೊ – ಹಂದಿ. ಮಾನ್ಜೊ – ದನ. ಪೊಲ್ಲೊ – ಕೋಳಿ.’ ಕೆಳಗೆ ಜಪಾನ್ ಎಂದು ಬರೆದು ಗೆರೆ ಎಳೆದು ಖಾಲಿ ಬಿಟ್ಟಿದ್ದರು. ನಾವು ಮೊಬೈಲಿನ ಕ್ಯಾಮೆರಾವನ್ನು ಹಸಿರು ಚೀಲದ ಮೇಲೆ ಹಿಡಿದೆವು. ಶುಂಠಿ ಹಾಕಿ ಬೇಯಿಸಿದ ಮೀನು ಎಂದು ಬಂತು. ಕಾಕಾ ಕನ್ನಡಕ ಏರಿಸಿ, ಪೆನ್ನು ಹುಡುಕಿ, ನಿಧಾನವಾಗಿ ಬರೆದುಕೊಂಡರು: ‘ಸಾಬಾ – ಬಂಗಡಿ ಮೀನ.’ ಮೂಡಲಗಿ ಬಸ್ಸು ಅಷ್ಟರಲ್ಲಿ ಹೋಗಿಬಿಟ್ಟಿತ್ತು.